ಹನ್ನೆರಡರಲ್ಲಿ ಹತ್ತು

ಕೊರ್ಟಾಲಿಂ ದಾಟಿ ಬಸ್ಸು ಏರು ಹಿಡಿದಾಗ ಬಾನು ಮಡಿಲಲ್ಲಿದ್ದ ಚೀಲದ ಜಿಪ್ಪೆಳೆದು ಒಳಗಿನ ಎರಡು ಕಾಗದಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು. ಒಂದು, ಮಲಕಪ್ಪ ಸಹಿ ಹಾಕಬೇಕಾದ ಅರ್ಜಿ. ಇನ್ನೊಂದು, ನಿನ್ನೆ ಮಧ್ಯಾಹ್ನ ಊಟ ಬಿಟ್ಟು ಕೂತು ಅವಳೇ ಟೈಪು ಮಾಡಿದ ಪತ್ರ: ಎರಡು ವರ್ಷದ ಹಿಂದೆ ನಡೆದ ತಪ್ಪು ಮಲಕಪ್ಪನದಲ್ಲ, ನನ್ನದು ಎಂದು. ಅವಳು ಕೆಲಸ ಮಾಡುವ ಪಣಜಿಯ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಎಂಟು ವರ್ಷಕ್ಕಿಂತ ಹೆಚ್ಚು ದಿನಗೂಲಿ ಮಾಡಿದವರನ್ನು ಕಾಯಂ ಮಾಡುವ ಪಟ್ಟಿ ಈ ದಿನ ಸಂಜೆ ಐದಕ್ಕೆ ಸಚಿವಾಲಯಕ್ಕೆ ಹೋಗುವುದಿತ್ತು. ಒಂಬತ್ತು ವರ್ಷ ದುಡಿದ ಮಲಕಪ್ಪನ ಹೆಸರು ಅದರಲ್ಲಿ ಇರಲಿಲ್ಲ. ಅವನನ್ನು ತಪ್ಪಿನ ಮೇಲೆ ತೆಗೆದುಹಾಕಿದ್ದರು. ತಪ್ಪು ಬೇರೆಯವರದೆಂದು ಬರವಣಿಗೆಯಲ್ಲಿ ಬಂದರೆ ಹೆಸರು ಸೇರಿಸಬಹುದು ಎಂದು ಹೆಡ್‌ಕ್ಲಾರ್ಕು, ಯಾರ ವಿಷಯವೆಂದು ಕೇಳದೆಯೇ, ಹೇಳಿದ್ದ. ಪತ್ರವನ್ನು ನೇರ ನಿರ್ದೇಶಕರ ಮೇಜಿನ ಮೇಲೆ ಇಟ್ಟಿದ್ದರಾಗುತ್ತಿತ್ತು. ಅವಳ ಕುರ್ಚಿಯಿಂದ ಅವರ ಬಾಗಿಲಿಗೆ ಹತ್ತು ಹೆಜ್ಜೆ. ಹತ್ತಲ್ಲ, ಹನ್ನೊಂದು, ಎಂದು ತಿದ್ದಿಕೊಂಡಳು. ಆ ಸಂಖ್ಯೆಯನ್ನು ಮನಸ್ಸಿನಲ್ಲೂ ಅನ್ನದ ಹಾಗೆ ತಪ್ಪಿಸಿಕೊಂಡು ನಡೆಯುವ ಅಭ್ಯಾಸ ಎರಡು ವರ್ಷದಿಂದ ಬಂದಿತ್ತು. ಒಂಬತ್ತು ನಿಂಬೆಹಣ್ಣು ಕೇಳಿದಾಗ ಮಾರುವವಳು ಪ್ರೀತಿಯಿಂದ ಕೊಸರು ಇನ್ನೊಂದು ಹಾಕಿದರೆ ಅವಳ ಮುಖ ಬಿಗಿದುಕೊಳ್ಳುತ್ತಿತ್ತು. ಅರ್ಜಿಗೆ ಸಹಿ ಬೇಕಲ್ಲ, ಅದಕ್ಕೇ ಝುವಾರಿನಗರಕ್ಕೆ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜ. ಆದರೆ ಪತ್ರ ಕೊಡುವ ಗಳಿಗೆ ಇನ್ನೂ ನಾಲ್ಕು ಗಂಟೆ ಮುಂದೆ ಹೋಯಿತಲ್ಲ ಎಂದು ಒಳಗೊಳಗೇ ಹಾಯೆನಿಸಿದ್ದೂ ನಿಜ, ಅದಕ್ಕಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಎಲ್ಲರಿಗೂ ಕೊಂಕಣಿಯಲ್ಲಿ ಮುಂದೆ ಹೋಗಿ ಎಂದು ಕೂಗುತ್ತಿದ್ದ ಕಂಡಕ್ಟರು ಅವಳ ಹತ್ತಿರ ಬಂದಾಗ ಮಾತ್ರ ಹಿಂದಿಗೆ ತಿರುಗಿ "ಕಿಧರ್?" ಎಂದ. ಹಿಂದೆ ಮಣಿಸರದ ಗಂಟುಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದ ಇಬ್ಬರು ಲಂಬಾಣಿ ಹೆಂಗಸರಲ್ಲಿ ಒಬ್ಬಳು, "ಅಕಿ ಪಕ್ಕ ಜಾಗಾ ಐತಿ ನೋಡ, ಸರದ ಕೂಡ ಅನ್ನು" ಎಂದಳು. ಇನ್ನೊಬ್ಬಳು, "ಅಕಿಗೆ ಕನ್ನಡ ತಿಳಿಯಂಗಿಲ್ಲ ಬಿಡ" ಎಂದಳು. ಬಾನು ಸರಿದು ಕೂತಳು. ಮೊದಲಾಗಿದ್ದರೆ ತಿರುಗಿ ಅಚ್ಚಗನ್ನಡದಲ್ಲಿ ನಾಲ್ಕು ಮಾತು ಆಡಿ ಅವರು ಬೆಪ್ಪಾಗುವುದನ್ನು ನೋಡಿ ಖುಷಿಪಡುತ್ತಿದ್ದಳು. ಶ್ರೀರಂಗಪಟ್ಟಣದಲ್ಲಿ ಅವಳಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಎಂಟನೆಯ ಕ್ಲಾಸಿನಲ್ಲಿ ಕನ್ನಡದ ಮೇಷ್ಟ್ರು ಅವಳ ಪ್ರಬಂಧವನ್ನು ಗಟ್ಟಿಯಾಗಿ ಓದಿ, "ನೋಡ್ರೋ, ಸಾಬರ ಹುಡುಗಿ, ನಿಮಗಿಂತ ಚೆನ್ನಾಗಿ ಬರೆದಿದ್ದಾಳೆ, ನಾಚಿಕೆ ಆಗಲ್ವೇನ್ರೋ" ಎಂದಿದ್ದರು. ಹೊಗಳಿಕೆಯೇ. ಆದರೆ ಆ ದಿನದಿಂದ ತನ್ನ ಕನ್ನಡ ತನ್ನದಲ್ಲ, ಯಾರದೋ ಮನೆಯಿಂದ ತಂದ ಒಡವೆ, ಕಳೆದುಹೋಗದಂತೆ ದಿನಾ ಮುಟ್ಟಿ ನೋಡಿಕೊಳ್ಳಬೇಕು ಎನ್ನುವ ಭಯ ಹೊಕ್ಕಿತ್ತು. "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ" ಎಂದು ಜನ ಬೆರಗಾದಾಗಲೆಲ್ಲ ಅವಳು ನಗುತ್ತಿದ್ದಳು, ಆ ನಗು ಮನೆಗೆ ಹೋದ ಮೇಲೂ ದವಡೆಯಲ್ಲಿ ನೋಯುತ್ತಿತ್ತು. ಯಾರಾದರೂ ಗೊತ್ತಿಲ್ಲದ ಕನ್ನಡ ಪದ ಆಡಿದರೆ ಅರ್ಥವಾದಂತೆ ತಲೆಯಾಡಿಸಿ ಆಮೇಲೆ ನಿಘಂಟು ನೋಡುತ್ತಿದ್ದಳು. ಕೇಳುತ್ತಿರಲಿಲ್ಲ. ಹುಟ್ಟಾ ಕನ್ನಡಿಗರು ಕೇಳಬಹುದು, ಅವರನ್ನು ಯಾರು ಅನುಮಾನಿಸುತ್ತಾರೆ.

ಮಲಕಪ್ಪ ಮೊದಲ ದಿನ ಕೇಳಿದ್ದೂ ಅದೇ. "ಬಾಯಾರ, ನಿಮಗ ಕನ್ನಡ ಬರ್ತೈತೇನ್ರಿ?" ಸಿಂದಗಿ ಕಡೆಯ ಮನುಷ್ಯ, ನಲವತ್ತೈದು ದಾಟಿದವನು, ಸಂಸ್ಥೆಯಲ್ಲಿ ಸಸಿ ಕಾಯುವ ಕೆಲಸ. "ಬರೋದೇನು, ನಂದೇ ಭಾಷೆ" ಎಂದಿದ್ದಳು ಅವಳು. ಅಲ್ಲಿ ಎಲ್ಲರೂ ಕೊಂಕಣಿ, ಮರಾಠಿ, ಇಂಗ್ಲಿಷು, ಕನ್ನಡಕ್ಕೆ ಇವರಿಬ್ಬರೇ. ಮಲಕಪ್ಪನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು, ಅವಳಿಗಂತೂ ಹುಟ್ಟುಭಾಷೆಯ ತಂಗಿ ಅದು, ಆದರೂ ಇಬ್ಬರೂ ಹಟ ಹಿಡಿದವರಂತೆ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರು. ನಿರ್ದೇಶಕ ಡಾ. ನಾಗ್ವೇಕರ್ ನಗುತ್ತಿದ್ದರು: "ನಿಮ್ಮಿಬ್ಬರನ್ನು ಬೇರೆ ಬೇರೆ ಜಾಗದಿಂದ ಕಿತ್ತು ತಂದು ಒಂದೇ ಕುಂಡದಲ್ಲಿ ನೆಟ್ಟಿದೆ." ಅವರ ತಮಾಷೆ ಎಲ್ಲ ಹೀಗೇ, ಗಿಡದಿಂದ ಮನುಷ್ಯನಿಗೆ, ಮನುಷ್ಯನಿಂದ ಗಿಡಕ್ಕೆ. ಬಾನುವಿಗೆ ಅದು ಹಿಡಿಸುತ್ತಿರಲಿಲ್ಲ. ಮನುಷ್ಯ ಹಸಿದರೆ ತಾನೇ ಎದ್ದು ಬಸ್ಸು ಹಿಡಿಯುತ್ತಾನೆ. ಗಿಡ ನಿಂತಲ್ಲೇ ಸಾಯುತ್ತದೆ. ಅವಳ ಕೆಲಸ ಇದ್ದದ್ದೇ ಅದಕ್ಕೆ.

ಅವಳ ಕೆಲಸ ಏನೆಂದು ಮಲಕಪ್ಪನಿಗೆ ತಿಳಿಸಿ ಹೇಳಲು ಒಂದು ಇಡೀ ಬೆಳಿಗ್ಗೆ ಹಿಡಿದಿತ್ತು. ಊರ ಹೊರಗಿನ ಜಂಬಿಟ್ಟಿಗೆ ಕಲ್ಲಿನ ಬೋಳು ಬಯಲು, ಇಲ್ಲಿಯವರು ಸಡಾ ಅನ್ನುವುದು, ಅದರ ಮೇಲೆ ಮೊದಲ ಮಳೆಗೆ ಒಂದು ಪುಟ್ಟ ಗಡ್ಡೆಗಿಡ ಏಳುತ್ತಿತ್ತು. ಗೇಣುದ್ದದ ದಂಟು, ಬಿಳಿಯ ಹೂವು, ಮೂರು ವಾರ ಇದ್ದು ಮತ್ತೆ ಮಣ್ಣೊಳಗೆ. ಆ ಒಂದು ಸಡಾ ಬಿಟ್ಟರೆ ಇನ್ನೆಲ್ಲೂ ಅದು ಯಾರಿಗೂ ಸಿಕ್ಕಿರಲಿಲ್ಲ. ಮಲಕಪ್ಪ ಅದಕ್ಕೆ ಕಲ್ಲುಳ್ಳಿ ಎಂದು ಹೆಸರಿಟ್ಟಿದ್ದ, ಲ್ಯಾಟಿನ್ ಹೆಸರು ಆಮೇಲೆ ಬಂತು. ವರ್ಷದಿಂದ ವರ್ಷಕ್ಕೆ ಸೆಕೆ ಏರುತ್ತಿದೆ, ಮಳೆ ಹಿಂದುಮುಂದಾಗುತ್ತಿದೆ, ಐವತ್ತು ವರ್ಷದಲ್ಲಿ ಆ ಬಂಡೆ ಗಡ್ಡೆಯನ್ನು ಮಣ್ಣೊಳಗೇ ಬೇಯಿಸಿಬಿಡುತ್ತದೆ. ಅಷ್ಟರೊಳಗೆ ಅದನ್ನು ತಂಪಾದ ಕಡೆಗೆ ಒಯ್ಯಬೇಕು. ಎಲ್ಲಿಗೆ, ಯಾವಾಗ, ಎಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು, ಅದಕ್ಕೆ ಮಾಡೆಲ್ ಅನ್ನುತ್ತಾರೆ. ಮಲಕಪ್ಪ ಎಲ್ಲ ಕೇಳಿ, "ಪಂಚಾಂಗ ಅನ್ರಿ ಹಂಗಾರ" ಎಂದ. ಅವಳಿಗೆ ನಗು ಬಂತು, ಆದರೆ ಅದಕ್ಕಿಂತ ಒಳ್ಳೆಯ ಪದ ಅವಳಿಗೂ ಹೊಳೆದಿರಲಿಲ್ಲ. ನಲವತ್ತು ವರ್ಷದ ಮಳೆಯ ರಿಜಿಸ್ಟರುಗಳನ್ನು ಕಣ್ಣು ಉರಿಯುವ ತನಕ ಕೂತು ಕಂಪ್ಯೂಟರಿಗೆ ತುಂಬಿದ್ದಳು. ಪಂಚಾಂಗ ಕೊನೆಗೆ ಬೆರಳು ತೋರಿಸಿದ್ದು ವಾಳಪೈ ಆಚೆ ಘಟ್ಟದ ಮೇಲಿನ ಒಂದು ಕಲ್ಲುಹಾಸಿನ ಕಡೆಗೆ. ತೊಂಬತ್ಮೂರರ ಮೇ ತಿಂಗಳಲ್ಲಿ ಪರೀಕ್ಷೆಗೆಂದು ಹನ್ನೆರಡು ಗಡ್ಡೆ ಅಲ್ಲಿ ನೆಟ್ಟರು. ಮಳೆಗಾಲದ ನಡುವೆ ಎಂಟಾದರೂ ಉಳಿದಿದ್ದರೆ ಜಾಗ ಸರಿ, ಇಲ್ಲದಿದ್ದರೆ ಲೆಕ್ಕ ಮೊದಲಿಂದ.

ಬಸ್ಸು ಕಾರ್ಖಾನೆಯ ಗೋಡೆಯ ಪಕ್ಕ ನಿಂತಿತು. ಇಳಿದವರೆಲ್ಲ ಬೇಗ ಬೇಗ ಗಲ್ಲಿಗಳೊಳಗೆ ಹೊಕ್ಕು ಮಾಯವಾದರು, ಅವಳು ಕೈಯಲ್ಲಿದ್ದ ಚೀಟಿಯ ವಿಳಾಸ ಹಿಡಿದು ಬಿಸಿಲಲ್ಲಿ ನಿಂತಳು. ಮಾರ್ಚಿನಲ್ಲೇ ಇಷ್ಟು ಸೆಕೆ. ಎದುರಿಗೆ ಒಂದು ಎಸ್‌ಟಿಡಿ ಬೂತು, ಗಾಜಿನ ಪೆಟ್ಟಿಗೆಯೊಳಗೆ ಒಬ್ಬ ಕಿವಿ ಮುಚ್ಚಿಕೊಂಡು ಊರಿಗೆ ಕೂಗುತ್ತಿದ್ದ. ಮಲಕಪ್ಪನೂ ಹೀಗೇ ಕೂಗಿರಬೇಕು. ಆ ಆಗಸ್ಟಿನಲ್ಲಿ ಅವಳಿಗೆ ಜ್ವರ, ಅವನೊಬ್ಬನೇ ಘಟ್ಟ ಹತ್ತಿ ನೋಡಿ ಇಳಿದು ವಾಳಪೈಯಿಂದ ಫೋನು ಮಾಡಿದ್ದ. ನಾಗ್ವೇಕರರು ಎದುರಿಗೇ ಕೂತಿದ್ದರು, ಪೆನ್ನು ತೆರೆದುಕೊಂಡು. ದೆಹಲಿಗೆ ವರದಿ ಅದೇ ದಿನ ಹೋಗಬೇಕಿತ್ತು. ತಂತಿಯ ತುಂಬ ಮಳೆ. "ಮಲಕಪ್ಪನೋರೇ, ಎಷ್ಟು ಉಳ್ಕೊಂಡಿವೆ?" ಎಂದು ಅವಳು ಕೂಗಿದ್ದಳು. ಅತ್ತ ಕಡೆಯಿಂದ ಏನೋ ಒಂದು ಪದ, ಆಮೇಲೆ "ಹತ್ಯಾವ್ರಿ." ಅವಳು, "ಹತ್ತಾ?" "ಹೂನ್ರಿ, … ಹತ್ಯಾವ್ರಿ. ಎಲ್ಲಾ … ಹತ್ಯಾವ್ರಿ." ಅವಳು ರಿಸೀವರಿನ ಬಾಯಿ ಮುಚ್ಚಿ ನಾಗ್ವೇಕರರಿಗೆ "ಒಟ್ಟು ಹತ್ತು" ಎಂದಳು. ಅವರು ಹಲ್ಲು ಬಿಟ್ಟು ನಕ್ಕು ಬರೆದುಕೊಂಡರು. ಹನ್ನೆರಡರಲ್ಲಿ ಹತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಅಷ್ಟೇ, ಮುಗಿಯಿತು. ಆ ಮೊದಲ ಪದ ಏನೆಂದು ಅವಳಿಗೆ ಕೇಳಿಸಿರಲಿಲ್ಲ. ಕೇಳಿಸಿಲ್ಲ ಎಂದೂ ಅವಳಿಗೆ ಗೊತ್ತಿತ್ತು. ಒಂದು ಸಲ ಹಿಂದಿಯಲ್ಲಿ "ದಸ್?" ಎಂದಿದ್ದರೆ ಅವನು "ನಹೀ ನಹೀ" ಎನ್ನುತ್ತಿದ್ದ, ಮಾತು ಅಲ್ಲಿಗೇ ನೆಟ್ಟಗಾಗುತ್ತಿತ್ತು. ಇಬ್ಬರಲ್ಲಿ ಒಬ್ಬರಿಗೆ ಕನ್ನಡ ಬರದಿದ್ದರೂ ಈ ತಪ್ಪು ಆಗುತ್ತಿರಲಿಲ್ಲ. ಹತ್ತು ಎಂಬ ಸಂಖ್ಯೆ, ಗಿಡ ಹತ್ತಿತು ಅಂದರೆ ಬೇರು ಹಿಡಿಯಿತು, ಮಾಡಾಕ ಹತ್ತೇನಿ ಅಂದರೆ ಮಾಡುತ್ತಿದ್ದೇನೆ. ಒಂದೇ ಸದ್ದಿನ ಸುತ್ತ ಎಷ್ಟು ಬಾಗಿಲು, ಅವಳು ತನಗೆ ಬೇಕಾದ್ದನ್ನು ತೆರೆದುಕೊಂಡು ಒಳಗೆ ಹೋಗಿದ್ದಳು.

"ಯಾರ್ನ ಹುಡುಕಾಕತ್ತೀರಿ?" ಎಂದು ಕೊಡ ಹೊತ್ತ ಹೆಂಗಸೊಬ್ಬಳು ಹಿಂದಿಯಲ್ಲಲ್ಲ, ಕನ್ನಡದಲ್ಲೇ ಕೇಳಿದಳು; ಇಲ್ಲಿ ಎಲ್ಲರಿಗೂ ಕನ್ನಡವೇ ಮೊದಲ ಮಾತು. ಮಲಕಪ್ಪನ ಹೆಸರು ಹೇಳಿದ್ದಕ್ಕೆ, "ಹುಲಿಗೆವ್ವನ ಗಂಡ? ಕಾಲ ಮ್ಯಾಲ ಚೀಲ ಕೆಡವಿಕೊಂಡು ಮನ್ಯಾಗ ಅದಾನ, ಬರ್ರಿ" ಎಂದು ಮುಂದಾದಳು. ಗಲ್ಲಿ ಕಿರಿದಾಗುತ್ತ ಹೋಯಿತು. ಬಾನು ಅವಳ ಹಿಂದೆ ಚರಂಡಿ ದಾಟುತ್ತ, ದಾಟುತ್ತ, ಮರುವರ್ಷದ ಮೇ ತಿಂಗಳ ಒಂದು ಬೆಳಿಗ್ಗೆ ಸಡಾದ ಮೇಲೆ ಮಲಕಪ್ಪ ಬಗ್ಗಿ ಕೂತದ್ದನ್ನು ಕಂಡಳು. ಇನ್ನೂರಕ್ಕಿಂತ ಕಡಿಮೆ ಗಡ್ಡೆ ಒಯ್ದರೆ ನಲವತ್ತು ವರ್ಷದಲ್ಲಿ ಸಂತತಿ ಅಳಿಯುತ್ತದೆ ಎಂದು ಮಾಡೆಲ್ ಹೇಳಿತ್ತು. ಸಡಾದ ಮೇಲೆ ಎಣಿಸಿದ್ದೇ ಇನ್ನೂರ ಚಿಲ್ಲರೆ. ಹಾಗಾದರೆ ಎಲ್ಲವನ್ನೂ ಒಯ್ಯಬೇಕು. ಮಲಕಪ್ಪ ಗುದ್ದಲಿ ಬಿಟ್ಟು ಎದ್ದು ನಿಂತು, "ಬಾಯಾರ, ಒಂದ ಮುಷ್ಟಿ ಇಲ್ಲೇ ಬಿಡೂಣ್ರಿ. ಅಲ್ಲಿ ಮಳಿ ಭಾಳ. ಇಲ್ಲಿವು ಅಲ್ಲಿ ಹತ್ತಂಗಿಲ್ರಿ" ಎಂದಿದ್ದ. ಅವಳಿಗೆ ರೇಗಿತ್ತು. ಸೆಕೆ, ಲಾರಿಯವನು ಹಾರ್ನ್ ಬಾರಿಸುತ್ತಿದ್ದ. "ಹೋದ ವರ್ಷ ಹತ್ತಿದ್ವಲ್ಲ ಮಲಕಪ್ಪನೋರೇ" ಎಂದಳು. ಹತ್ತು ಇದ್ದವಲ್ಲ, ಎಂದು ಅವಳ ಅರ್ಥ. ಹತ್ತಿದ್ದವಲ್ಲ, ಬೇರು ಹಿಡಿದಿದ್ದವಲ್ಲ, ಎಂದು ಅವನಿಗೆ ಕೇಳಿತು. ತಾನು ಇಳಿದು ಬಂದ ಮೇಲೆ ಯಾರೋ ಕಲಿತವರು ಹೋಗಿ ನೋಡಿರಬೇಕು, ಕೊಳೆಯುತ್ತಿದ್ದವು ಚೇತರಿಸಿಕೊಂಡಿರಬೇಕು ಎಂದುಕೊಂಡಿರಬೇಕು ಅವನು. ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಹಂಗಾರ ಆತ್ರಿ" ಎಂದು ಮತ್ತೆ ಕೂತ. ಎರಡು ದಿನ ಮಂಡಿಯ ಮೇಲೆ ಕೂತು, ಬೇರು ಹರಿಯದ ಹಾಗೆ, ಒಂದೊಂದನ್ನೂ ಒದ್ದೆ ಗೋಣಿಯಲ್ಲಿ ಸುತ್ತಿದ. ಅಷ್ಟು ಜೋಪಾನವಾಗಿ ಕೆಲಸ ಮಾಡುವವರನ್ನು ಅವಳು ಆಮೇಲೆ ನೋಡಿಲ್ಲ.

ಗಡ್ಡೆ ನೆಟ್ಟು ಮೂರು ತಿಂಗಳಿಗೆ, ಆಗಸ್ಟಿನಲ್ಲಿ, ಇಬ್ಬರೂ ಘಟ್ಟ ಹತ್ತಿದರು. ಮಂಜು, ಜಿಗಣೆ, ಎಡೆಬಿಡದ ಮಳೆ. ಕಲ್ಲುಹಾಸಿನ ಮೇಲೆ ಒಂದು ದಂಟೂ ಎದ್ದಿರಲಿಲ್ಲ. ಮಲಕಪ್ಪ ಬೆರಳಿಂದ ಮಣ್ಣು ಬಿಡಿಸಿ ಒಂದು ಗಡ್ಡೆ ತೆಗೆದ, ಹಿಚುಕಿದ, ಅದು ಅವನ ಬೆರಳ ಸಂದಿಯಿಂದ ಕಂದು ನೀರಾಗಿ ಇಳಿಯಿತು. "ನೋಡ್ರಿ," ಎಂದ ಅವನು, ದನಿಯಲ್ಲಿ ದೂರು ಇರಲಿಲ್ಲ, "ಹ್ವಾದ ವರ್ಸದಂಗ ಕೊಳ್ಯಾಕ ಹತ್ಯಾವ." ಅವಳು ಅಲ್ಲೇ ಆ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟಳು. ಕೊಳ್ಯಾಕ. ಫೋನಿನಲ್ಲಿ ಮಳೆ ನುಂಗಿದ ಪದ ಅದು. ಕೊಳೆಯುತ್ತಿವೆ, ಎಲ್ಲಾ ಕೊಳೆಯುತ್ತಿವೆ ಎಂದು ಅವನು ಕೂಗಿ ಹೇಳಿದ್ದ, ಒಂದು ಸಲವಲ್ಲ. ಒಂದು ಜಾತಿಯ ಗಿಡ ಭೂಮಿಯ ಮೇಲಿಂದ ಹೋಯಿತು, ಬಿಸಿಲಿಗಲ್ಲ, ಐವತ್ತು ವರ್ಷ ಆದ ಮೇಲೂ ಅಲ್ಲ, ಅವಳ ಕಿವಿಗೆ. ಅವಳಿಗೆ ಅಳು ಬರಲಿಲ್ಲ, ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ವಿಚಾರಣೆಯ ದಿನ ನಾಗ್ವೇಕರರು ಮಲಕಪ್ಪನನ್ನು ನಿಲ್ಲಿಸಿಕೊಂಡು, ಹೋದ ವರ್ಷ ಫೋನಿನಲ್ಲಿ ಎಷ್ಟು ಎಂದು ಹೇಳಿದ್ದೆ ಎಂದು ಹಿಂದಿಯಲ್ಲಿ ಕೇಳಿದರು. ಅವನು ಬಾನುವಿನ ಕಡೆ ನೋಡಿದ. ಅವಳು ಮೇಜಿನ ಮೇಲಿದ್ದ ಪೇಪರ್‌ವೇಟಿನ ಒಳಗಿನ ಬಣ್ಣದ ಗುಳ್ಳೆಗಳನ್ನು ನೋಡುತ್ತಿದ್ದಳು. "ಯಾದ್ ನಹೀ ಸಾಬ್" ಎಂದ ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ; ಅವಳು ಅಷ್ಟನ್ನೂ ಮಾಡಲಿಲ್ಲ. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ವಿಚಾರಣೆಯ ವರದಿಯ ಪ್ರತಿ ಅವಳ ಮೇಜಿಗೂ ಬಂತು. ಅವಳು ಓದಿ, ಫೈಲಿಗೆ ಹಾಕಿ, ಚಹಾ ಕುಡಿದಿದ್ದಳು.

ಮನೆ ಎಂದರೆ ತಗಡಿನ ಒಂದು ಕೋಣೆ. ಒಳಗೆ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಮಲಕಪ್ಪ ಹೊಸ್ತಿಲ ಬಳಿ ಗೋಡೆಗೆ ಒರಗಿ, ಬಟ್ಟೆ ಸುತ್ತಿದ ಪಾದವನ್ನು ಮುಂದೆ ಚಾಚಿ ಕೂತಿದ್ದ. ಬಂದರಿನ ಹಮಾಲಿ ಅವನ ಭುಜಗಳನ್ನು ಒಂದು ಕಡೆ ಎಳೆದಂತಿತ್ತು, ಕೂದಲು ಪೂರ್ತಿ ಬಿಳಿಯಾಗಿತ್ತು. ಅವಳನ್ನು ನೋಡಿ ಏಳಲು ಹೋದ. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದಳು. "ಬರ್ರಿ ಬಾಯಾರ, ಒಳಗ ಬರ್ರಿ. ಏ, ಚಾಪಿ ಹಾಸ. ನಮ್ಮ ಬಾನು ಬಾಯಾರ ಬಂದಾರ" ಎಂದ. ನಮ್ಮ ಎಂಬ ಮಾತು ಅವಳಿಗೆ ತಾಗಿತು. ಹುಲಿಗೆವ್ವ ಚಾಪೆ ಹಾಸಿ, ನೀರು ಕೊಟ್ಟು, "ಉಂಡ ಹೋಗಬೇಕ್ರಿ, ಜ್ವಾಳದ ರೊಟ್ಟಿ ತಿಂತೀರಿಲ್ಲೋ" ಎಂದು ಕೇಳಿ ಒಲೆಯ ಬಳಿ ಹೋದಳು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಬಸ್ಸಿನಲ್ಲಿ ಕಲಿತುಕೊಂಡು ಬಂದ ಮಾತುಗಳೆಲ್ಲ ಅವಳಿಗೆ ಮರೆತುಹೋದವು.

"ಮಲಕಪ್ಪನೋರೇ, ಒಂದು ವಿಷಯ ಹೇಳಕ್ಕೆ ಬಂದೆ" ಎಂದಳು. "ಆ ಫೋನಿಂದು. ನೀವು ಕೊಳೀತಾ ಇವೆ ಅಂದಿದ್ರಿ. ನಾನು ಹತ್ತು ಅಂತ ಬರೆಸಿದೆ."

ಅವನು ಸುತ್ತಿದ ಪಾದವನ್ನು ಎರಡೂ ಕೈಯಿಂದ ಹಿಡಿದು ಸ್ವಲ್ಪ ಈಚೆಗೆ ಎಳೆದುಕೊಂಡ. "ಗೊತ್ತೈತ್ರಿ" ಎಂದ.

"ಗೊತ್ತಿತ್ತಾ?"

"ಗುಡ್ಡದ ಮ್ಯಾಲ ನಿಮ್ಮ ಮಾರಿ ನೋಡಿದ್ನಲ್ರಿ, ಆವಾಗ ತಿಳೀತು."

"ಮತ್ತೆ ಅವತ್ತು ಸಾಹೇಬರ ಮುಂದೆ ಯಾಕೆ ಹೇಳಲಿಲ್ಲ?"

"ಏನಂತ ಹೇಳೂದ್ರಿ." ಅವನ ದನಿ ಮೆತ್ತಗೆ ಇತ್ತು. "ಹತ್ಯಾವ ಅಂದ್ರ ಹತ್ತ ಅಲ್ರಿ ಅಂತ ಸಾಹೇಬ್ರಿಗೆ ಹಿಂದಿನ್ಯಾಗ ಹೆಂಗ ತಿಳಿಸ್ಲಿ. ಅಲ್ಲಿ ನನ್ನ ಮಾತ ತಿಳ್ಯಾವ್ರು ನೀವೊಬ್ರ ಇದ್ರಿ."

ಅವಳಿಗೆ ಆ ಕೋಣೆಯಿಂದ ಎದ್ದು ಓಡಿಹೋಗಬೇಕೆನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಬೈಸಿಕೊಳ್ಳಲೆಂದೇ ಬಂದಿದ್ದಳು. ಒಲೆಯ ಬಳಿ ರೊಟ್ಟಿಯ ಸದ್ದು ನಿಂತಿತ್ತು, ಹುಲಿಗೆವ್ವ ಬೆನ್ನು ತಿರುಗಿಸಿಯೇ ಕೇಳುತ್ತಿದ್ದಳು.

"ಒಂದ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ" ಎಂದ ಮಲಕಪ್ಪ. "ಕೇಳಸಲಿಲ್ಲ ಅಂದ್ರ, ಇನ್ನೊಮ್ಮೆ ಹೇಳು ಮಲಕಪ್ಪ ಅಂತ ಯಾಕ ಅನ್ಲಿಲ್ಲ?"

ಎರಡು ವರ್ಷದಿಂದ ಅವಳು ಮನಸ್ಸಿನಲ್ಲೇ ನಿರ್ದೇಶಕರಿಗೆ, ಅಪ್ಪನಿಗೆ, ಕನ್ನಡಿಗೆ ಕೊಟ್ಟುಕೊಂಡ ಉತ್ತರಗಳೆಲ್ಲ ಇದ್ದವು. ಮಳೆ, ಜ್ವರ, ಕೆಟ್ಟ ತಂತಿ. ಅವನ ಮುಂದೆ ಅವು ಬಾಯಿಗೆ ಬರಲಿಲ್ಲ. "ನಾಚಿಕೆ ಆಯ್ತು" ಎಂದಳು. "ನನಗೆ ಕನ್ನಡ ಅರ್ಥ ಆಗಲಿಲ್ಲ ಅಂತ ನೀವು ಅಂದ್ಕೋತೀರ ಅಂತ. ಸಾಹೇಬರು ಎದುರಿಗಿದ್ದರು." ಆಮೇಲೆ, ಅದೂ ಪೂರ್ತಿ ನಿಜವಲ್ಲವಾದ್ದರಿಂದ, "ಮತ್ತೆ ನನಗೆ ಹತ್ತೇ ಬೇಕಾಗಿತ್ತು ಮಲಕಪ್ಪನೋರೇ. ಎರಡು ವರ್ಷದ ಲೆಕ್ಕ ಸರಿಯಾಗಬೇಕಿತ್ತು. ಬೇಕಾದ್ದು ಕೇಳಿಸ್ತು, ಸುಮ್ಮನಾದೆ." ಆ ಸಂಖ್ಯೆಯನ್ನು ಅವಳು ಬಾಯಿಬಿಟ್ಟು ಆಡಿದ್ದು ಎಷ್ಟೋ ದಿನದ ಮೇಲೆ. ಏನೂ ಹಗುರಾಗಲಿಲ್ಲ.

ಮಲಕಪ್ಪ ಬಹಳ ಹೊತ್ತು ತಲೆಯಾಡಿಸಿದ. ಅವಳು ಚೀಲದಿಂದ ಎರಡೂ ಕಾಗದ ತೆಗೆದು ಚಾಪೆಯ ಮೇಲಿಟ್ಟು, ಕಾಯಂ ಪಟ್ಟಿಯ ವಿಷಯ ಹೇಳಿದಳು. ತಾನು ತಪ್ಪು ಒಪ್ಪಿಕೊಂಡು ಬರೆದಿದ್ದೇನೆ, ಇವತ್ತು ಐದರೊಳಗೆ ಕೊಡುತ್ತೇನೆ, ನಿಮ್ಮ ಸಹಿ ಒಂದು ಬೇಕು. "ನಿಮ್ಮ ನೌಕರಿ?" ಎಂದು ಅವನು ಕೇಳಿದ. "ನೋಡೋಣ" ಎಂದಳು. "ಓದಿ ಹೇಳ್ರಿ, ಏನ ಬರದೀರಿ" ಎಂದ. ಅದು ಇಂಗ್ಲಿಷಿನಲ್ಲಿತ್ತು. ಅವಳು ಒಂದೊಂದು ವಾಕ್ಯ ಓದಿಕೊಂಡು ಕನ್ನಡ ಮಾಡಿ ಹೇಳುತ್ತ ಹೋದಳು. ಮೂರನೆಯ ವಾಕ್ಯಕ್ಕೆ ಬಂದಾಗ, "ಗಡ್ಡೆಗಳು ನಾಶವಾದದ್ದು ಶ್ರೀ ಮಲಕಪ್ಪನವರ ಅಜಾಗರೂಕತೆಯಿಂದ ಎಂದು ವರದಿಯಲ್ಲಿ ಇರುವುದು ಸುಳ್ಳು" ಎಂದಳು.

"ಹಂಗಂದ್ರ?"

"ಯಾವುದು?"

"ಅಜಾಗ… ಏನೋ ಅಂದ್ರಲ್ಲ."

ವರದಿಯಲ್ಲಿ ತನ್ನ ಮೇಲೆ ಏನು ಬರೆದಿದ್ದಾರೆಂದು ಅವನಿಗೆ ಯಾರೂ ಈ ತನಕ ಹೇಳಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಗಿಡ ಹೋಯಿತು, ಕೆಲಸವೂ ಹೋಯಿತು ಎಂದಷ್ಟೇ ಅವನು ತಿಳಿದುಕೊಂಡಿದ್ದ. ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ದಾರಿ ಒಂದು ಗಳಿಗೆ ತೆರೆದುಕೊಂಡಿತು. "ಅಂದ್ರೆ, ಕಾಳಜಿ ಇಲ್ಲದೆ ಕೆಲಸ ಮಾಡೋದು" ಎಂದಳು, ಕಾಗದದಿಂದ ಕಣ್ಣೆತ್ತದೆ.

"ನಿಷ್ಕಾಳಜಿ" ಎಂದ ಅವನು. ಆ ಪದ ಅವನಿಗೆ ಗೊತ್ತಿತ್ತು. "ನಾ ನಿಷ್ಕಾಳಜಿ ಮಾಡಿದೆ ಅಂತ ಬರದಾರ."

ಹುಲಿಗೆವ್ವ ಈ ಕಡೆ ತಿರುಗಿದಳು. "ಇವರು ನಿಷ್ಕಾಳಜಿ?" ಎಂದಳಷ್ಟೇ, ಹಿಟ್ಟಿನ ಕೈ ಹಾಗೇ ಇತ್ತು.

ಮಲಕಪ್ಪ ಹೆಂಡತಿಯ ಕಡೆ ನೋಡಲಿಲ್ಲ. "ಬಾಯಾರ, ನಿಮಗ ಗೊತ್ತಿಲ್ಲ" ಎಂದ. "ಸಡಾದ ಮ್ಯಾಲ ಎಲ್ಲಾ ತಗದ ಲಾರಿಗೆ ಏರ್ಸಿದಿವಲ್ರಿ. ನೀವು ಮುಂದ ಹ್ವಾದ್ರಿ. ನನಗ ಸಮಾಧಾನ ಆಗ್ಲಿಲ್ಲ. ಒಂದೂ ಉಳೀಬಾರ್ದು ಅಂದಿದ್ರಿ ನೀವು, ಲೆಕ್ಕ ಕಡಿಮಿ ಬೀಳ್ತೈತಿ ಅಂತ. ಮತ್ತ ತಿರುಗಿ ಹ್ವಾದೆ. ಇಡೀ ಬಂಡಿಗಲ್ಲಿನ ಮ್ಯಾಲ ಅಂಬೆಗಾಲಿಟ್ಟು ನೋಡಿದೆ. ಒಂದ ಸೀಳಿನ್ಯಾಗ ಮೂರ ಇದ್ವು. ಸಣ್ಣವು, ಕಡ್ಲಿಕಾಳಿನಷ್ಟ. ಕೈ ಹೋಗ್ಲಿಲ್ಲ. ಛತ್ರಿ ಕಡ್ಡಿ ಮುರದು ಅದ್ರಿಂದ ಮೆಲ್ಲಕ ಮೀಟಿ ತಗದೆ. ತಾಸ ಹಿಡೀತು. ಅಂಗಿ ಕಿಸೆದಾಗ ಇಟ್ಕೊಂಡು ಓಡಿ ಬಂದು ಲಾರಿಗೆ ಹಾಕಿದೆ." ಅವನು ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಅವುಗಳನ್ನೇ ನೋಡಿದ. "ಆ ಸೀಳು ಇನ್ನೂ ಹಂಗ ಐತ್ರಿ. ಹ್ವಾದ ಮಳಿಗಾಲದಾಗ ಹೋಗಿ ನೋಡಿ ಬಂದೆ. ಹುಲ್ಲ ಎದ್ದೈತಿ."

ಬಾನು ಬಾಯಿಗೆ ಕೈ ಇಟ್ಟುಕೊಂಡಳು. ಅಳು ಬಂತು, ಆ ಗುಡ್ಡದ ಮೇಲೆ ಬರದೇ ಹೋದದ್ದು. ಅದನ್ನು ನುಂಗಲು ನೋಡಿದಳು, ಆಗಲಿಲ್ಲ. ಹುಲಿಗೆವ್ವ ಬಂದು ಅವಳ ಪಕ್ಕ ಕೂತಳು, ಚಾಪೆಯ ಅಂಚನ್ನು ನೆಟ್ಟಗೆ ಮಾಡಿದಳು.

"ಅವರು ಬರದದ್ದು ಸುಳ್ಳಂತ ನೀವು ಬರದೀರಿ" ಎಂದ ಮಲಕಪ್ಪ. "ಆ ನಿಷ್ಕಾಳಜಿ ಒಂದ ಖರೇ ಆಗಬೇಕಿತ್ತ್ರಿ ಬಾಯಾರ."

ಹೊರಗೆ ಯಾರೋ ನೀರು ಬಂತೆಂದು ಕೂಗಿದರು. ಕೊಡಗಳ ಸದ್ದು ಗಲ್ಲಿಯುದ್ದಕ್ಕೂ ಓಡಿತು. ಅವನು ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡು, ಪೆನ್ನು ಕೇಳಿ, "ಎಲ್ಲೆಲ್ಲಿ ಹಾಕ್ಬೇಕ್ರಿ?" ಎಂದ. ಅವಳು ಬೆರಳಿಟ್ಟು ತೋರಿಸಿದಳು. ಬೆರಳಿಟ್ಟಲ್ಲೆಲ್ಲ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ, ಗೆರೆ ದಾಟದ ಹಾಗೆ ಅವನು ತನ್ನ ಹೆಸರು ಬರೆದ, ಬರೆದು ಮುಗಿಸಿ ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದ, ಎಲ್ಲಿಯಾದರೂ ಒಂದು ಬಿಟ್ಟುಹೋಗಿದೆಯೇ ಎಂದು.